ಅಣ್ಣ ನೋಡಿದ ಅಳತೆ

ಪೀಣ್ಯದ ನಮ್ಮ ಮಿಷನ್ ಶಾಪಿನಲ್ಲಿ ಒಂದು ಕಟ್ಟುಪಾಡಿತ್ತು. ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಕೆಲಸ ಕಲಿಸಿದವರು ಒಂದು ಪೀಸನ್ನು ಕೈಗೆತ್ತಿಕೊಂಡು, ಅಳತೆ ನೋಡಿ, ‘ಸರಿಯಾಗಿದೆ’ ಅಂದರೆ ಅಲ್ಲಿಗೆ ಮುಗಿಯಿತು. ಕಲಿತವರು ಅದೇ ಪೀಸಿಗೆ ಮತ್ತೆ ಮೈಕ್ರೋಮೀಟರ್ ಹಚ್ಚುವ ಹಾಗಿಲ್ಲ. ಹಚ್ಚಿದರೆ ‘ನಿಮ್ಮ ಮಾತು ನಂಬಲಾರೆ’ ಎಂದು ಮುಖಕ್ಕೆ ಹೊಡೆದಂತೆ ಹೇಳಿದ ಹಾಗೆ. ಹೊಸದಾಗಿ ಸೇರಿದ ಅಪ್ರೆಂಟಿಸ್ ಒಬ್ಬ ಹೀಗೆ ಮಾಡಿದ್ದಕ್ಕೆ ಬಹಳ ದಿನ ಯಾರೂ ಅವನನ್ನು ಟೀಗೆ ಕರೆಯಲಿಲ್ಲ. ಎಲ್ಲವನ್ನೂ ಎರಡು ಸಲ ನೋಡಬೇಕು ಅಂತ ಪಾಪ ಅವನು ಎಲ್ಲೋ ಓದಿಕೊಂಡು ಬಂದಿದ್ದ. ಆಗ ನಾನೂ ಎಲ್ಲರ ಜೊತೆ ಸೇರಿ ನಕ್ಕಿದ್ದೆ.

ಆ ಶಾಪಿನಲ್ಲಿ ಲೇತ್ ಮುಂದೆ ನಿಲ್ಲುತ್ತಿದ್ದ ಒಬ್ಬಳೇ ಹೆಂಗಸು ನಾನು. ಐಟಿಐಯಲ್ಲಿ ಟರ್ನರ್ ಕಲಿತಿದ್ದೆ. ಕಬ್ಬಿಣದ ಸಲಾಕೆಯನ್ನು ಲೇತಿಗೆ ಕಚ್ಚಿಸಿ, ಅದು ಗಿರ್ರನೆ ತಿರುಗುವಾಗ ಟೂಲ್ ಹಿಡಿಸಿ, ಬೇಕಾದ ಅಳತೆಗೆ ಕಡೆದು ತೆಗೆಯುವ ಕೆಲಸ. ಸೇರಿದ ದಿನವೇ ಸೂಪರ್‌ವೈಸರ್ ನನ್ನನ್ನು ಪ್ಯಾಕಿಂಗ್ ಟೇಬಲಿಗೆ ಕೂರಿಸಿದ. ಸೀರೆಯ ಸೆರಗು ಮಿಷನ್ನಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವುದು ಅವನ ಕಾಳಜಿ. ನಾನು ಹಾಕಿಕೊಂಡಿದ್ದು ಚೂಡಿದಾರ, ಅದರ ಮೇಲೆ ಕಂಪನಿಯದೇ ಖಾಕಿ ಕೋಟು. ಇಲ್ಲದ ಸೆರಗಿಗೆ ಹೆದರಿದ ಗಂಡಸನ್ನು ನಾನು ಕಂಡಿದ್ದು ಅದೇ ಮೊದಲು.

ಅಲ್ಲಿಂದ ನನ್ನನ್ನು ಎಬ್ಬಿಸಿ ಲೇತ್ ಮುಂದೆ ನಿಲ್ಲಿಸಿದವರು ಶಾಪಿನ ಹಿರಿಯ ಫಿಟ್ಟರ್. ಅವರೇ ಅಣ್ಣ. ಶಾಪಿನ ಯಾವ ಮಿಷನ್ ಕೆಟ್ಟರೂ ಅವರ ಕೈಗೇ ಬರಬೇಕು. ‘ಕೈಗೆ ಗಂಡು ಹೆಣ್ಣು ಅಂತ ಇಲ್ಲ ಕಣ್ರೀ, ಬರೋ ಕೈ ಬರದಿರೋ ಕೈ ಅಂತ ಅಷ್ಟೇ’ ಎಂದು ಸೂಪರ್‌ವೈಸರ್‌ಗೆ ಹೇಳಿ ನನ್ನನ್ನು ಕರೆದುಕೊಂಡು ಹೋದರು. ನಾನು ಕಡೆದ ಮೊದಲ ಪೀಸನ್ನು ಅಳೆದು ‘ಸರಿಯಾಗಿದೆ’ ಅಂದವರೂ ಅವರೇ. ಮದುವೆಯ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ನನ್ನ ಗಂಡನಿಗೂ ಇದು ಗೊತ್ತು.

ನನಗೆ ಒಡಹುಟ್ಟಿದವರಿಲ್ಲ. ಅಪ್ಪ ಹೋದ ಮೇಲೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ತರುವವರು ಯಾರೂ ಇರಲಿಲ್ಲ. ಅಕ್ಕಪಕ್ಕದ ಮನೆಗಳಿಗೆ ಅಣ್ಣಂದಿರು, ತಮ್ಮಂದಿರು ಚೀಲ ಹಿಡಿದು ಬರುವಾಗ ನಾನು ಬಾಗಿಲು ಅರ್ಧ ಹಾಕಿಕೊಂಡು ಒಳಗಿರುತ್ತಿದ್ದೆ. ಅದು ಯಾವ ಮಾತಿನಲ್ಲಿ ಅವರಿಗೆ ಗೊತ್ತಾಯಿತೋ, ಆ ವರ್ಷದ ಹಬ್ಬಕ್ಕೆ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಮೊರದ ಬಾಗಿನ, ಅರಿಶಿನ ಕುಂಕುಮ, ಹಸಿರು ಬಳೆ, ಒಂದು ಕಣ. ಬಳೆ ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ‘ಅಳತೆ ಹೆಂಗೆ ಗೊತ್ತಾಯ್ತಣ್ಣ?’ ಅಂದೆ. ‘ದಿನಾ ನೋಡೋ ಕೈ ಅಲ್ವೇನಮ್ಮ’ ಅಂದರು. ಅಲ್ಲಿಂದ ಮುಂದೆ ಒಂದು ಹಬ್ಬವನ್ನೂ ಅವರು ತಪ್ಪಿಸಲಿಲ್ಲ.

ಕಡೆಯುವುದನ್ನು ಐಟಿಐ ಕಲಿಸಿತ್ತು. ಬಿಚ್ಚುವುದನ್ನು ಕಲಿಸಿದ್ದು ಅಣ್ಣ. ಹಳೆ ಲೇತನ್ನು ಬಿಚ್ಚುವಾಗ ಜೋಡಿ ಜೋಡಿಯಾಗಿ ಕೂತ ಭಾಗಗಳಿಗೆ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದು ಗುರುತು ಹಾಕಬೇಕು. ಬಹಳ ವರ್ಷ ಒಟ್ಟಿಗೆ ಸವೆದ ಭಾಗಗಳು ಗಂಡ ಹೆಂಡತಿ ಇದ್ದ ಹಾಗೆ. ಎಡದ್ದನ್ನು ಬಲಕ್ಕೆ ಹಾಕಿದರೆ ಕಿರಿಕಿರಿ ತಪ್ಪಿದ್ದಲ್ಲ. ಬೇರೆ ಫಿಟ್ಟರ್‌ಗಳು ಒಂದು ಚುಕ್ಕಿ, ಎರಡು ಚುಕ್ಕಿ ಹೊಡೆಯುತ್ತಾರೆ. ಅಣ್ಣ ಹೊಡೆಯುತ್ತಿದ್ದುದು ಐದು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಅವರ ತಾಯಿ ಹೊಸ್ತಿಲಿಗೆ ಹಾಕುತ್ತಿದ್ದ ರಂಗೋಲಿಯ ಚುಕ್ಕಿಗಳಂತೆ ಅವು. ‘ಇದು ನಮ್ಮನೆ ಗುರುತು. ಪೀಣ್ಯದಲ್ಲಿ ಇದನ್ನ ಹಾಕೋರು ನಾನೊಬ್ಬ, ಇನ್ಮೇಲೆ ನೀನೊಬ್ಬಳು’ ಎಂದು ನನ್ನ ಕೈಗೆ ಪಂಚ್ ಕೊಟ್ಟಿದ್ದರು. ಉಬ್ಬಿಹೋಗಿದ್ದೆ.

ಆಮೇಲೆ ಕಂಪ್ಯೂಟರ್ ಲೇತುಗಳು ಬಂದವು. ಬಟನ್ ಒತ್ತಿ ಬಾಗಿಲು ಹಾಕಿದರೆ ತಾವೇ ಕಡೆದು ಮುಗಿಸುವ ಬಿಳಿ ಡಬ್ಬಗಳು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು. ಹೊರಗೆ ಕಂಬ ಏಳುತ್ತಿದ್ದವು, ಒಳಗೆ ನಾವು ಒಬ್ಬೊಬ್ಬರಾಗಿ ಏಳುತ್ತಿದ್ದೆವು. ಹಳೆ ಲೇತುಗಳನ್ನು ಗುಜರಿಗೆ ಕಳಿಸಿದ ಮೇಲೆ ಹಳೆ ಕೈಗಳನ್ನೂ ಮನೆಗೆ ಕಳಿಸಿದರು. ಅಣ್ಣನ ಕೆಲಸವೂ ಹೋಯಿತು. ಸ್ವಲ್ಪ ದಿನಕ್ಕೆ ನನ್ನನ್ನು ಮತ್ತೆ ಪ್ಯಾಕಿಂಗ್ ಟೇಬಲಿಗೆ ಹೋಗು ಅಂದರು. ಎಲ್ಲಿಂದ ಎದ್ದಿದ್ದೆನೋ ಅಲ್ಲೇ ಮತ್ತೆ ಕೂರುವುದಕ್ಕೆ ನನಗಾಗಲಿಲ್ಲ. ಬಿಟ್ಟು ಬಂದೆ.

ಚಿಕ್ಕಬಾಣಾವರದಲ್ಲಿ ಒಂದು ಶೆಡ್ ಹಿಡಿದೆ. ಮೊದಲು ಅದು ದನದ ಕೊಟ್ಟಿಗೆ. ಸುತ್ತಲಿನ ಹೊಲ ಸೈಟುಗಳಾಗಿ, ಓನರ್ ಅಜ್ಜಿಯ ಮಕ್ಕಳು ಬಾಡಿಗೆ ಮನೆ ಕಟ್ಟಿಸಿ, ಉಳಿದಿದ್ದು ಈ ಕೊಟ್ಟಿಗೆ ಮತ್ತು ಅಜ್ಜಿಯ ಒಂದು ಹಸು. ದನ ಕಟ್ಟುವ ಗೊಂತಿನ ಕಲ್ಲು ಇನ್ನೂ ಗೋಡೆಯಲ್ಲೇ ಇತ್ತು. ಪಂಪ್ ಮಾಡುವ ಒಂದು ಫ್ಯಾಕ್ಟರಿಯವರು ಶಾಫ್ಟ್ ಕಡೆದುಕೊಡುವ ಕೆಲಸ ಕೊಡುತ್ತೇವೆ ಅಂದರು. ಸಣ್ಣ ಸಣ್ಣ ಲಾಟು, ದೊಡ್ಡವರು ಮುಟ್ಟದ ಕೆಲಸ. ಎರಡು ಲಾಟ್ ನೋಡುತ್ತೇವೆ, ಸರಿ ಬಂದರೆ ಮುಂದುವರಿಸುತ್ತೇವೆ ಅಂತ ಮಾತು. ಬೆಳ್ಳಂದೂರಿನ ಟೆಕ್ ಪಾರ್ಕಿಗೆ ಬಸ್ ಓಡಿಸುವ ನನ್ನ ಗಂಡ ‘ನೋಡು, ನಡೆದರೆ ನಿನ್ನ ಶೆಡ್, ಇಲ್ದಿದ್ರೆ ಮತ್ತೆ ಪ್ಯಾಕಿಂಗ್’ ಅಂದ. ಅವನು ಹೆದರಿಸಲಿಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ನಮ್ಮ ಕೈಯಲ್ಲಿ ಇದ್ದದ್ದೆಲ್ಲ ಒಂದೇ ಒಂದು ಲೇತಿಗೆ ಸಾಕಾಗುವಷ್ಟಿತ್ತು. ಹೊಸದಕ್ಕಲ್ಲ, ಹಳೆಯದಕ್ಕೆ.

ಯಾರನ್ನು ಕೇಳಲಿ? ಅಣ್ಣನಿಗೆ ಫೋನ್ ಮಾಡಿದೆ. ಅವರು ‘ನನಗೆ ಗೊತ್ತಿರೋ ಒಬ್ಬ ವ್ಯಾಪಾರಿ ಇದಾನೆ, ಬಾ’ ಅಂದರು. ಪೀಣ್ಯದ ಒಳಗಲ್ಲಿಯಲ್ಲಿ ಹಳೆ ಮಿಷನ್ ಮಾರುವ ಯಾರ್ಡು. ತಗಡಿನ ಕೆಳಗೆ ಸಾಲಾಗಿ ಹಸಿರು ಬಣ್ಣ ಬಳಿಸಿಕೊಂಡು ನಿಂತ ಲೇತುಗಳು. ವ್ಯಾಪಾರಿ ಅಡಿಕೆ ಅಗಿಯುತ್ತಾ ಮೂಲೆಯಲ್ಲಿದ್ದ ಒಂದನ್ನು ತೋರಿಸಿದ. ಅಣ್ಣ ಅದರ ಸುತ್ತ ಎರಡು ಸುತ್ತು ಬಂದರು. ‘ಯಾವ ಫ್ಯಾಕ್ಟ್ರಿಯಿಂದ ಬಂದಿದ್ದು ಇದು?’ ಎಂದು ಕೇಳಿದರು. ಗೇರ್ ಡಬ್ಬದ ಮುಚ್ಚಳ ತೆಗೆದು ಆಯಿಲ್ ಮೂಸಿದರು. ಬೆರಳಿನಿಂದ ತಟ್ಟಿ ಕಿವಿಯಿಟ್ಟರು. ಬೆಡ್ ಮೇಲೆ, ಅಂದರೆ ಟೂಲ್ ಹೊತ್ತ ಗಾಡಿ ಓಡಾಡುವ ಉದ್ದನೆಯ ಹಳಿಯ ಮೇಲೆ, ಅರ್ಧಚಂದ್ರದಂಥ ಹೊಸ ಗೀರುಗಳು ಸಾಲಾಗಿ ಹೊಳೆಯುತ್ತಿದ್ದವು. ಬೆಡ್ಡನ್ನು ಕೈಯಿಂದ ಹೆರೆದು ಸಮ ಮಾಡಿದ್ದಾರೆ ಅನ್ನುವುದಕ್ಕೆ ಅದು ಸಾಕ್ಷಿ. ‘ನೋಡು, ಸ್ಕ್ರೇಪಿಂಗ್ ಮಾಡಿಸಿದಾರೆ’ ಅಂದರು ಅಣ್ಣ.

ಆಮೇಲೆ ತಮ್ಮ ಚೀಲದಿಂದ ಡಯಲ್ ತೆಗೆದರು. ಕೂದಲೆಳೆಯಷ್ಟು ಏರಿಳಿತವಿದ್ದರೂ ಅದರ ಮುಳ್ಳು ಅಲ್ಲಾಡುತ್ತದೆ. ಅದನ್ನು ಗಾಡಿಗೆ ಕಚ್ಚಿಸಿ ಬೆಡ್ಡಿನ ಮೇಲೆ ಅತ್ತ ಇತ್ತ ಓಡಿಸಿದರು. ನಾನು ಎದುರಿಗೆ ನಿಂತಿದ್ದೆ. ಮುಳ್ಳು ಅವರ ಕಡೆಗಿತ್ತು. ನಾನು ಬಗ್ಗಿ ನೋಡಬಹುದಿತ್ತು, ನೋಡಲಿಲ್ಲ. ಮುಖ ನೋಡಿದೆ. ‘ಸರಿಯಾಗಿದೆ. ಇದನ್ನೇ ತಗೊಂಬಿಡು ಕಣಮ್ಮ, ಕಣ್ಮುಚ್ಕೊಂಡು ತಗೋ’ ಅಂದರು. ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡೆ. ಗುರುವಿನ ಮೇಲೆ ಅಳತೆ ನೋಡಬಾರದು ಅನ್ನುವುದು ಒಂದು ಪೀಸಿಗೆ ಮಾತ್ರ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಲೇತ್ ಟೆಂಪೋದಲ್ಲಿ ಬಂತು. ಕೊಟ್ಟಿಗೆಯಲ್ಲಿ ಕೂರಿಸಿ, ಅರಿಶಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದೆ. ಓಡಿಸಿದರೆ ಸದ್ದೇ ಇಲ್ಲ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮೊದಲ ಲಾಟಿನ ಶಾಫ್ಟುಗಳನ್ನು ಹಗಲೆಲ್ಲ ನಿಂತು ಕಡೆದೆ. ಅವು ಉದ್ದನೆಯ ಶಾಫ್ಟುಗಳು. ನಾನು ಅಳತೆ ನೋಡುತ್ತಿದ್ದುದು ನನಗೆ ಹತ್ತಿರವಿದ್ದ ಹೊರತುದಿಯಲ್ಲಿ ಮತ್ತು ನಡುವೆ. ಬೆಡ್ ಸರಿಯಿದ್ದ ಲೇತಿನಲ್ಲಿ ಅಷ್ಟು ಸಾಕು.

ವಾರದಲ್ಲಿ ಪೂರ್ತಿ ಲಾಟ್ ವಾಪಸ್ ಬಂತು. ಎಲ್ಲದಕ್ಕೂ ತುದಿಗೆ ಕೆಂಪು ಬಣ್ಣ ಬಳಿದಿದ್ದರು. ಫ್ಯಾಕ್ಟರಿಗಳಲ್ಲಿ ಕೆಂಪು ಬಳಿದ ಪೀಸು ಅಂದರೆ ಮಾರಿಗೆ ಬಿಟ್ಟ ಕುರಿ, ಮತ್ತೆ ಮಂದೆಗೆ ಸೇರಿಸುವಂತಿಲ್ಲ. ಲೇತ್ ಹಿಡಿದುಕೊಂಡಿದ್ದ ತುದಿ ದಪ್ಪ, ಹೊರಗಿನ ತುದಿ ಸರಿ. ಅಂದರೆ ಲೇತ್ ಹಿಡಿಯುವ ಆ ಮೂಲೆಯಲ್ಲಿ ಬೆಡ್ ಸವೆದು ತಗ್ಗಾಗಿದೆ. ಗಾಡಿ ಅಲ್ಲಿಗೆ ಹೋದಾಗ ಕುಸಿಯುತ್ತದೆ, ಟೂಲ್ ಹಿಂದೆ ಸರಿಯುತ್ತದೆ. ಇನ್‌ಸ್ಪೆಕ್ಷನ್ ಮಾಡುವವರು ಫೋನ್ ಮಾಡಿ, ‘ಇನ್ನೊಂದ್ ಲಾಟ್ ಕಾಯ್ತೀವಿ ಮೇಡಂ, ಅದೂ ಹಿಂಗೇ ಬಂದ್ರೆ ಬೇರೆಯವ್ರಿಗೆ ಕೊಡ್ಬೇಕಾಗತ್ತೆ’ ಅಂದರು. ಅವರು ಮರ್ಯಾದೆಯಿಂದಲೇ ಹೇಳಿದರು. ನನಗೆ ಮಾತ್ರ ಪ್ಯಾಕಿಂಗ್ ಟೇಬಲಿನ ರಟ್ಟಿನ ವಾಸನೆ ಮೂಗಿಗೆ ಬಡಿಯಿತು.

ಅಣ್ಣನಿಗೆ ಫೋನ್ ಮಾಡಿದೆ. ‘ಎಲ್ಲೋ ಲೂಸ್ ಇರ್ಬೇಕು, ಟೈಟ್ ಮಾಡಿ ನೋಡು’ ಅಂದರು. ಮಾಡಿದೆ, ಆಗಲಿಲ್ಲ. ‘ಬಂದು ನೋಡ್ತೀರಾ ಅಣ್ಣ?’ ಅಂದೆ. ‘ಬರ್ತೀನಿ, ಮಂಡಿ ನೋವು’ ಅಂದರು. ಇನ್ನೊಮ್ಮೆ ಮಾಡಿದಾಗ ಅವರ ಹೆಂಡತಿ ಎತ್ತಿ ಹೊರಗೆ ಹೋಗಿದ್ದಾರೆ ಅಂದರು. ಹಿಂದೆ ಅವರು ಕೆಮ್ಮುವುದು ಕೇಳಿಸಿತು. ವಯಸ್ಸಾಯಿತು, ಪಾಪ, ಬೇಜಾರಿನಲ್ಲಿದ್ದಾರೆ ಅಂದುಕೊಂಡೆ. ದಡ್ಡಿ ಅಂದರೆ ದಡ್ಡಿ.

ನಾನೇ ಬಿಚ್ಚಲು ಕೂತೆ. ಭಾನುವಾರ ಗಂಡ ಬಂದು ತೊಲೆಗೆ ಚೈನ್ ಕಟ್ಟಿಕೊಟ್ಟು, ಭಾರದ ಭಾಗಗಳನ್ನು ಇಳಿಸಿ, ಸಂಜೆಯ ಟ್ರಿಪ್ಪಿಗೆ ಓಡಿದ. ಮೊದಲು ಗೇರ್ ಡಬ್ಬದ ಆಯಿಲ್ ಇಳಿಸಿದೆ. ಬಕೆಟ್ಟಿಗೆ ಇಳಿದದ್ದು ಆಯಿಲ್ ಅಲ್ಲ, ರಾಗಿ ಅಂಬಲಿ. ಬೆರಳಲ್ಲಿ ಉಜ್ಜಿ ನೋಡಿದೆ. ಮರದ ಪುಡಿ. ಸವೆದ ಗೇರುಗಳ ಸದ್ದು ಕೇಳಬಾರದು ಅಂತ ಗ್ರೀಸಿನಲ್ಲಿ ಮರದ ಪುಡಿ ಕಲಸಿ ತುಂಬಿದ್ದರು. ಇಂಥದ್ದನ್ನು ಕೇಳಿದ್ದೆ, ಕಂಡಿರಲಿಲ್ಲ. ಬೆಡ್ ಮೇಲೆ ಸ್ಕೇಲ್ ಇಟ್ಟು ಬೆಳಕು ನೋಡಿದರೆ ಆ ಮೂಲೆಯಲ್ಲಿ ಕೆಳಗಿನಿಂದ ಬೆಳಕು ಧಾರಾಳವಾಗಿ ಬಂತು. ಹೊಳೆಯುವ ಅರ್ಧಚಂದ್ರಗಳು ಬರೀ ಸಿಂಗಾರ. ತಗ್ಗನ್ನು ಸಮ ಮಾಡಿರಲಿಲ್ಲ, ತಗ್ಗಿನ ಮೇಲೇ ರಂಗೋಲಿ ಬಿಟ್ಟಿದ್ದರು.

ಓನರ್ ಅಜ್ಜಿ ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿತು. ‘ಏನವ್ವಾ, ಅಸೀನ ಒಟ್ಟೆ ಬಗೆದಂಗೆ ಬಗೆದು ಆಕಿದೀಯ’ ಅಂತು. ವ್ಯಾಪಾರಿ ಮಾಡಿದ ಮೋಸ ಹೇಳಿದೆ. ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. ‘ದನದ ಸಂತೇಲಿ ಇದೇ ಅಲ್ವಾ? ಮುದಿ ಎತ್ತಿನ ಕೊಂಬು ಎರೆದು ಎಣ್ಣೆ ಸವರಿ ಪ್ರಾಯದ್ದು ಅಂತ ಮಾರ್ತಾರೆ. ಮಾರೋನು ಇನ್ನೇನ್ ಮಾಡ್ತಾನೆ, ಅವ್ನ ಕಸುಬು ಅದು. ಅದ್ಕೇ ತಿಳಿದೋರನ್ನ ಜೊತೇಲಿ ಕರ್ಕೊಂಡೋಗೋದು. ನಿನ್ ಜೊತೇಲಿ ಯಾರೋಗಿದ್ರು?’

‘ನಮ್ಮಣ್ಣ’ ಅಂದೆ. ‘ಅವರಿಗೂ ಮೋಸ ಆಗಿದೆ ಅಜ್ಜಿ.’

ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿ, ಚೊಂಬನ್ನು ಗೊಂತಿನ ಕಲ್ಲಿನ ಮೇಲಿಟ್ಟು ಹೋಯಿತು. ನನಗೆ ಸಿಟ್ಟು ಬಂತು. ಎಲ್ಲರೂ ದನದ ದಳ್ಳಾಳಿಗಳೇ ಇರುತ್ತಾರೆಯೇ? ಅಣ್ಣನಿಗೆ ಇದನ್ನು ಹೇಗೆ ಹೇಳುವುದು ಅನ್ನುವುದೇ ನನ್ನ ಚಿಂತೆ. ಇಷ್ಟು ವರ್ಷದ ಕೈ, ಇಷ್ಟು ವರ್ಷದ ಹೆಸರು. ಒಂದು ಅಡಿಕೆ ಅಗಿಯುವವನು ಅವರ ಕಣ್ಣಿಗೆ ಮಣ್ಣೆರಚಿದ ಅಂತ ಗೊತ್ತಾದರೆ ಮನುಷ್ಯ ಕುಗ್ಗಿಹೋಗುತ್ತಾರೆ. ಹೇಳುವುದೇ ಬೇಡ, ನಾನೇ ರಿಪೇರಿ ಮಾಡಿಕೊಂಡು, ‘ಲೂಸ್ ಇತ್ತು ಅಣ್ಣ, ನೀವು ಹೇಳಿದ್ದೇ ಸರಿ’ ಅಂದುಬಿಡೋಣ ಅಂತ ತೀರ್ಮಾನ ಮಾಡಿದ್ದೆ. ಅವರ ಮಾನ ಉಳಿಸಲು ಸುಳ್ಳು ಹೊಂದಿಸಿಕೊಳ್ಳುತ್ತಾ ನಾನು ಗಾಡಿಯ ಅಡಿಯ ಬೋಲ್ಟುಗಳನ್ನು ಬಿಚ್ಚುತ್ತಿದ್ದೆ.

ಗಾಡಿ ಮೇಲಕ್ಕೆ ಹಾರದಂತೆ ಅದರ ಅಡಿಯಲ್ಲಿ ಎರಡು ಪಟ್ಟಿಗಳು ಬೆಡ್ಡನ್ನು ಕೆಳಗಿನಿಂದ ಕಚ್ಚಿಕೊಂಡಿರುತ್ತವೆ. ಹೊರಗಿನಿಂದ ಕಾಣುವುದಿಲ್ಲ, ಗಾಡಿಯನ್ನು ಇಳಿಸಿ ಬೋರಲು ಹಾಕಿದರೆ ಮಾತ್ರ ಕಾಣುತ್ತವೆ. ಮಗುಚಿ ಹಾಕಿ, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸಿದೆ. ಕಪ್ಪು ಹೋಗುತ್ತಾ ಹೋಗುತ್ತಾ ಪಟ್ಟಿಯ ತುದಿಯಲ್ಲಿ ಏನೋ ಹೊಳೆಯಿತು. ಇನ್ನೂ ಒರೆಸಿದೆ. ಐದು ಚುಕ್ಕಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಪಕ್ಕದಲ್ಲಿ ಗಾಡಿಯ ಮೈಮೇಲೆ ಅದರ ಜೋಡಿ ಐದು ಚುಕ್ಕಿ.

ಹಳೇ ಕಾಲದ ಗುರುತಾಗಿದ್ದರೆ ಒಳಗೆ ಕಪ್ಪು ಕೂತಿರುತ್ತಿತ್ತು. ಇವು ಹೊಸದಾಗಿ ಹೊಡೆದ ಚುಕ್ಕಿಗಳು, ಬೆಳ್ಳಗೆ ಮಿನುಗುತ್ತಿದ್ದವು. ಇನ್ನೊಂದು ಪಟ್ಟಿಯನ್ನೂ ಒರೆಸಿದೆ. ಅಲ್ಲೂ ಇದ್ದವು, ಎದುರು ತುದಿಯಲ್ಲಿ. ಗೇರ್ ಡಬ್ಬದ ಮುಚ್ಚಳದ ಅಂಚನ್ನು ಒರೆಸಿದೆ. ಅಲ್ಲೂ. ಈ ಗುರುತು ಹಾಕುವವರು ಪೀಣ್ಯದಲ್ಲಿ ಇಬ್ಬರು. ಒಬ್ಬಳು ನಾನು, ನಾನು ಹಾಕಿರಲಿಲ್ಲ.

ಸೀಮೆಎಣ್ಣೆ ಬಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತೆ. ಮರದ ಪುಡಿ ಕಲಸಿದ ಕೈ, ತಗ್ಗಿನ ಮೇಲೆ ಅರ್ಧಚಂದ್ರ ಬಿಡಿಸಿದ ಕೈ, ಹಬ್ಬಕ್ಕೆ ನನ್ನ ಅಳತೆಯ ಬಳೆ ಆರಿಸಿದ ಕೈ, ಎಲ್ಲಾ ಒಂದೇ. ಅಷ್ಟು ಹೊತ್ತಿಗೆ ಯಾರ್ಡಿನ ದೃಶ್ಯವೆಲ್ಲ ತಿರುಗಿ ಬಂತು. ತಾವೇ ಮುಚ್ಚಿದ ಮುಚ್ಚಳ ತೆಗೆದು ಮೂಸಿದ್ದರು. ತಾವೇ ಬಿಚ್ಚಿ ಜೋಡಿಸಿದ ಮಿಷನ್ನಿನ ಸುತ್ತ ಎರಡು ಸುತ್ತು ಬಂದು, ‘ಯಾವ ಫ್ಯಾಕ್ಟ್ರಿಯಿಂದ ಬಂದಿದ್ದು’ ಎಂದು ಕೇಳಿದ್ದರು. ಡಯಲ್ಲನ್ನು ಬೆಡ್ಡಿನ ಈ ತುದಿಯಲ್ಲಿ ಅತ್ತ ಇತ್ತ ಓಡಿಸಿದರೇ ಹೊರತು ಆ ಮೂಲೆಗೆ ಒಯ್ಯಲೇ ಇಲ್ಲ. ನಾನು ಮುಖ ನೋಡುತ್ತೇನೆ, ಮುಳ್ಳು ನೋಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅವರೇ ಕಲಿಸಿದ್ದಲ್ಲವೇ?

ಅಳು ಬರಲಿಲ್ಲ. ಮೈ ಉರಿಯಿತು. ವ್ಯಾಪಾರಿಯ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವನು ಯಾರು, ಅಡಿಕೆ ಅಗಿಯುವ ಒಬ್ಬ ಮನುಷ್ಯ. ಅಣ್ಣ ಮೋಸ ಮಾಡಿದ್ದಕ್ಕಿಂತ, ಅವರ ಮಾನ ಉಳಿಸಬೇಕು ಅಂತ ನಾನು ಕೂತು ಸುಳ್ಳು ಹೊಂದಿಸುತ್ತಿದ್ದೆನಲ್ಲ, ಅದು ನೆನಪಾದಾಗೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವ ಹಾಗಾಗುತ್ತಿತ್ತು. ತಿಂದ ಮನೆಗೆ ಎರಡು ಬಗೆದವರನ್ನು ಕಂಡಿದ್ದೇನೆ. ಉಣಿಸಿದವರೇ ವಿಷ ಹಾಕಿದರೆ ಅದಕ್ಕೆ ಗಾದೆ ಯಾವುದು?

ಗಂಡನಿಗೆ ಹೇಳಿದೆ. ‘ಹೋಗಿ ಕೇಳೋಣ ನಡಿ’ ಅಂದ. ಬೇಡ ಅಂದೆ. ಕೇಳಿದರೆ ಏನೋ ಒಂದು ಹೇಳುತ್ತಾರೆ, ನಾನು ಮತ್ತೆ ಮುಖ ನೋಡುತ್ತೇನೆ. ಮೊದಲು ಲೇತ್ ಎದ್ದು ನಿಲ್ಲಬೇಕಿತ್ತು. ಫ್ಯಾಕ್ಟರಿಯವರು ಕಾಯುತ್ತೇವೆ ಅಂದಿದ್ದ ಇನ್ನೊಂದು ಲಾಟು ಮೂಲೆಯಲ್ಲಿ ಕಚ್ಚಾ ಸಲಾಕೆಯಾಗಿಯೇ ಬಿದ್ದಿತ್ತು.

ಬೆಡ್ಡನ್ನು ಟೆಂಪೋಗೆ ಹಾಕಿ ಪೀಣ್ಯದಲ್ಲಿ ಗ್ರೈಂಡಿಂಗ್ ಮಾಡಿಸಿ ತಂದೆ. ಹಲ್ಲು ಸವೆದ ಗೇರುಗಳನ್ನು ಬದಲಾಯಿಸಿದೆ. ಬೆಡ್ ಸವರಿ ತೆಗೆದಷ್ಟು ಗಾಡಿ ತಗ್ಗಿತಲ್ಲ, ಅದರ ಅಡಿಗೆ ಫೈಬರ್ ಹಾಳೆ ಅಂಟಿಸಿ ಎತ್ತರ ಸರಿ ಮಾಡಿದೆ. ಆಮೇಲಿನದು ಕೈಕೆಲಸ. ಬೆಡ್ಡಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಅದರ ಮೇಲೆ ಗಾಡಿ ಇಟ್ಟು ಉಜ್ಜಿ, ಎತ್ತಿ ನೋಡಬೇಕು. ಎಲ್ಲಿ ನೀಲಿ ಅಂಟಿದೆಯೋ ಅದು ಉಬ್ಬು. ಅಲ್ಲಿ ಮಾತ್ರ ಸ್ಕ್ರೇಪರಿನಿಂದ ಹೆರೆಯಬೇಕು. ಮತ್ತೆ ಬಣ್ಣ, ಮತ್ತೆ ಉಜ್ಜು, ಮತ್ತೆ ಹೆರೆ. ತೋಳು ಸೇದುತ್ತಿತ್ತು. ನನ್ನ ಸ್ಕ್ರೇಪರ್ ಹಳೆ ಅರದಿಂದ ಮಾಡಿದ್ದು, ಮಾಡಿಕೊಟ್ಟವರು ಅಣ್ಣ. ಅದನ್ನು ಬಿಸಾಡಿ ಹೊಸದು ತರೋಣ ಅಂತ ಎದ್ದೆ ಕೂಡ. ಆದರೆ ಅಂಗಡಿಯದು ಕೈಗೆ ಕೂರುವುದಿಲ್ಲ, ಇದು ಕೂತಿತ್ತು. ಅವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾ, ಅವರು ಮಾಡಿಕೊಟ್ಟ ಉಪಕರಣದಿಂದ, ಅವರು ಹೇಳಿಕೊಟ್ಟ ಹಾಗೆ, ಅವರು ಕೆಡಿಸಿದ್ದನ್ನು ಹೆರೆದೆ. ‘ಮೊಣಕೈ ಅಲ್ಲಾಡಿಸ್ಬೇಡ, ಸೊಂಟದಿಂದ ತಳ್ಳು’ ಅನ್ನುವ ಅವರ ದನಿ ತಲೆಯಲ್ಲಿ ಇದ್ದೇ ಇತ್ತು. ಬಾಯಿ ಮುಚ್ಚಿ ಅಣ್ಣ ಅನ್ನುತ್ತಿದ್ದೆ, ಮತ್ತೆ ಸೊಂಟದಿಂದಲೇ ತಳ್ಳುತ್ತಿದ್ದೆ.

ಜೋಡಿಸುವ ದಿನ ಅರ ತೆಗೆದುಕೊಂಡೆ, ಆ ಐದು ಚುಕ್ಕಿಗಳನ್ನು ಉಜ್ಜಿ ಅಳಿಸಿಬಿಡಬೇಕು ಅಂತ. ಅರ ಇಟ್ಟೂ ಆಗಿತ್ತು. ಅಳಿಸಿದರೆ ಯಾವ ಪಟ್ಟಿ ಯಾವ ಕಡೆಗೆ, ಯಾವ ತುದಿ ಮುಂದಕ್ಕೆ ಎಂದು ತಿಳಿಯುವುದಿಲ್ಲ. ಬಿಚ್ಚುವಾಗ ನಾನು ಬೇರೆ ಗುರುತು ಹಾಕಿರಲಿಲ್ಲ. ಅವನ್ನು ಕಂಡ ಮೇಲೆ ನನ್ನ ಕೈ ಓಡಿರಲಿಲ್ಲ. ಅವರ ಗುರುತನ್ನೇ ಹಿಡಿದು ಜೋಡಿಸಿದೆ. ಸರಿಯಾಗಿಯೇ ಕೂತವು. ಮೋಸದ ಕೆಲಸದಲ್ಲೂ ಮನುಷ್ಯ ಗುರುತು ಮಾತ್ರ ತಪ್ಪಿಲ್ಲದೆ ಹಾಕಿದ್ದರು.

ಎರಡನೇ ಲಾಟ್ ಕಡೆಯುವುದಕ್ಕೆ ಶುರು ಮಾಡಿದಾಗ ಗೌರಿ ಹಬ್ಬ ಬಂತು. ಹಬ್ಬದ ದಿನವೂ ಲೇತ್ ಓಡಿಸುತ್ತಿದ್ದೆ, ಫ್ಯಾಕ್ಟರಿಯವರು ಮರುದಿನವೇ ಕೇಳಿದ್ದರು. ಬಾಗಿಲಲ್ಲಿ ನೆರಳಾಯಿತು. ಅಣ್ಣ. ಕೈಯಲ್ಲಿ ಮೊರದ ಬಾಗಿನ. ಮನೆಗೆ ಹೋಗಿ, ಬೀಗ ನೋಡಿ, ಇಲ್ಲಿಗೆ ಬಂದಿದ್ದರು. ಮಂಡಿ ನೋವು ನಿಜವೇ ಇತ್ತು, ಕುಂಟುತ್ತಿದ್ದರು. ಬಾಗಿನವನ್ನು ಸ್ಟೂಲಿನ ಮೇಲಿಟ್ಟರು. ನಾನು ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ.

ಅವರು ಲೇತಿನ ಸದ್ದು ಕೇಳುತ್ತಾ ನಿಂತರು. ಮರದ ಪುಡಿ ಇಲ್ಲದ ಸದ್ದು. ಮುಖದಲ್ಲಿ ನಿಧಾನವಾಗಿ ಒಂದು ಖುಷಿ ಬಂತು. ನಟನೆಯಲ್ಲ, ಆ ಖುಷಿ ನನಗೆ ಗೊತ್ತು. ‘ಚೆನ್ನಾಗಿ ಕೂರಿಸಿದೀಯ ಕಣಮ್ಮ’ ಅಂದರು. ಆಗತಾನೇ ಇಳಿಸಿದ ಶಾಫ್ಟನ್ನು ಎತ್ತಿಕೊಂಡು, ನನ್ನ ಮೈಕ್ರೋಮೀಟರ್ ತೆಗೆದುಕೊಂಡು, ಎರಡು ತುದಿಗೂ ಹಚ್ಚಿ ನೋಡಿದರು. ‘ಸರಿಯಾಗಿದೆ’ ಅಂದರು. ಕ್ರೇಟಿಗೆ ಹಾಕು ಅಂತ ನನ್ನ ಕೈಗೆ ಕೊಟ್ಟರು.

ನಾನು ಲೇತ್ ನಿಲ್ಲಿಸಿದೆ. ಅವರ ಕೈಯಿಂದ ಮೈಕ್ರೋಮೀಟರನ್ನೂ ತೆಗೆದುಕೊಂಡೆ. ಶಾಫ್ಟಿನ ಒಂದು ತುದಿಗೆ ಹಚ್ಚಿದೆ, ನೋಡಿದೆ. ನಡುವೆ ಹಚ್ಚಿದೆ, ನೋಡಿದೆ. ಇನ್ನೊಂದು ತುದಿಗೆ ಹಚ್ಚಿ, ಬೆಳಕಿಗೆ ಹಿಡಿದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಸರಿಯಾಗಿಯೇ ಇತ್ತು. ಅವರು ಹೇಳಿದ್ದು ನಿಜ.

ತಲೆಯೆತ್ತಿದಾಗ ಅವರ ಮುಖದ ಖುಷಿ ಹೋಗಿತ್ತು.

‘ಒಳಗೆ ನೋಡಿದ್ಯಾ?’ ಅಂದರು.

‘ನೋಡ್ದೆ. ಐದು ಚುಕ್ಕಿ.’

ಅವರು ಗೊಂತಿನ ಕಲ್ಲಿನ ಮೇಲೆ ಕೈಯೂರಿ ನಿಂತರು. ‘ಕೆಲ್ಸ ಹೋದ್ಮೇಲೆ ಅವ್ನ ಹತ್ರಾನೇ ಹೋಗ್ತಿದ್ದೆ ಕಣಮ್ಮ. ಅವ್ನು ಹೇಳ್ದಂಗೆ ಮಾಡ್ಕೊಡ್ತಿದ್ದೆ. ಇದನ್ನ ಬಿಚ್ಚುವಾಗ ನಿನಗೆ ಅಂತ ಗೊತ್ತಿರ್ಲಿಲ್ಲ.’

‘ಬಿಚ್ಚುವಾಗ ಗೊತ್ತಿರ್ಲಿಲ್ಲ. ಕೊಡಿಸುವಾಗ ಗೊತ್ತಿತ್ತಲ್ಲ ಅಣ್ಣ.’

ಅವರು ನೆಲ ನೋಡುತ್ತಾ, ‘ಅಲ್ಲಿದ್ದಿದ್ದೆಲ್ಲಾ ಅಂಥವೇ. ನೀನು ಸರಿ ಮಾಡ್ಕೊಳ್ತೀಯ ಅಂತ ಗೊತ್ತಿತ್ತು. ನಿನ್ ಕೈ ಮೇಲೆ ನಂಗೆ ನಂಬಿಕೆ ಇತ್ತು’ ಅಂದರು.

ಅಷ್ಟು ದಿನದಲ್ಲಿ ನನಗೆ ಅಳು ತರಿಸಿದ್ದು ಆ ಮಾತೊಂದೇ. ಅವರು ನನ್ನ ಕೈಯನ್ನು ನಂಬಿದ್ದರು, ಅದಕ್ಕೇ ಮೋಸ ಮಾಡಿದರು. ಬರದ ಕೈಯಾಗಿದ್ದರೆ ಬೇಡ ಅಂದುಬಿಡುತ್ತಿದ್ದರೋ ಏನೋ. ನಾನು ತಿರುಗಿ ಇನ್ನೊಂದು ಸಲಾಕೆಯನ್ನು ಕಚ್ಚಿಸಿ ಲೇತ್ ಚಾಲೂ ಮಾಡಿದೆ. ಮತ್ತೆ ನೋಡಿದಾಗ ಬಾಗಿಲಲ್ಲಿ ಅವರಿರಲಿಲ್ಲ. ಬಾಗಿನ ಸ್ಟೂ‌ಲಿನ ಮೇಲೆ ಇತ್ತು. ಅಜ್ಜಿ ಬಂದು ನೋಡಿ, ‘ತವರಿಂದ ಬಂದಿದ್ದು, ಇಂದಕ್ಕೆ ಕಳ್ಸಬಾರ್ದು’ ಅಂತು. ಕಳಿಸಲಿಲ್ಲ. ಬಳೆ ಮಾತ್ರ ತೊಡಲಿಲ್ಲ, ನನ್ನ ಅಳತೆಯದೇ ಆಗಿದ್ದರೂ.

ಆಮೇಲೆ ಯಾವ ಹಬ್ಬಕ್ಕೂ ಅವರು ಬರಲಿಲ್ಲ. ನಾನೂ ಕರೆಯಲಿಲ್ಲ.

ಎರಡನೇ ಲಾಟ್ ಪಾಸಾಯಿತು. ಶೆಡ್ ಉಳಿಯಿತು, ಮುಂದೆ ಇನ್ನೊಂದು ಲೇತೂ ಬಂತು. ಅದನ್ನು ತರುವಾಗ ಯಾರನ್ನೂ ಜೊತೆಗೆ ಕರೆದುಕೊಂಡು ಹೋಗಲಿಲ್ಲ, ಮುಳ್ಳಿನ ಮೇಲಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ಬಳಿ ಕೆಲಸಕ್ಕಿರುವವರು ಎಷ್ಟೇ ನುರಿತವರಾದರೂ, ಅವರು ನೋಡಿದ ಅಳತೆಯ ಮೇಲೆ ನಾನು ಮತ್ತೆ ನೋಡುತ್ತೇನೆ. ನಾನು ನೋಡಿದ್ದನ್ನು ಅವರೂ ನೋಡಬೇಕು ಅನ್ನುತ್ತೇನೆ. ಯಾರಿಗೂ ಬೇಜಾರಿಲ್ಲ. ಅವರಿಗೆ ಹಳೇ ಕಟ್ಟುಪಾಡು ಗೊತ್ತೇ ಇಲ್ಲ.

ಒಮ್ಮೆ ಪಂಪ್ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್‌ನವರು ಶೆಡ್ ನೋಡಲು ಬಂದಿದ್ದರು. ‘ನಿಮ್ಮಲ್ಲಿ ಪ್ರತಿ ಪೀಸನ್ನೂ ಎರಡೆರಡು ಕೈ ನೋಡತ್ತಂತಲ್ಲ ಮೇಡಂ, ತುಂಬಾ ಒಳ್ಳೇ ಅಭ್ಯಾಸ’ ಎಂದು ಹೊಗಳಿದರು. ‘ಯಾರು ಕಲಿಸಿದ್ದು?’

‘ನಮ್ಮಣ್ಣ’ ಅಂದೆ.